ಗೆಲ್ಲಲೇಬೇಕಾದ ಆಟಕ್ಕೆ 1.ಸಿ4 ಸರಿಯಾ?

ಪ್ರಶ್ನೆ: ಸರ್, ನಾನು ನಾಲ್ಕು ವರ್ಷದಿಂದ ಚೆಸ್ ರೇಟಿಂಗ್ ಟೂರ್ನಿಗಳಲ್ಲಿ ಆಡುತ್ತಿದ್ದೇನೆ. ರೇಟಿಂಗ್ 1550ರ ಆಸುಪಾಸಿನಲ್ಲಿದೆ. ಬಿಳಿ ಕಾಯಿ ಸಿಕ್ಕರೆ ಯಾವಾಗಲೂ 1.ಸಿ4 ಆಡುತ್ತೇನೆ, ಅಂದರೆ ಮೊದಲ ನಡೆಗೆ ಸಿ ಸಾಲಿನ ಪಾನನ್ನು (ಕಾಲಾಳನ್ನು) ನಾಲ್ಕನೇ ಮನೆಗೆ ತಳ್ಳುತ್ತೇನೆ. ಮೊದಲ ಎಂಟು ನಡೆ ಸಲೀಸಾಗಿ ಹೋಗುತ್ತವೆ. ಆಮೇಲೆ ಏನು ಆಡಬೇಕು ಅಂತಲೇ ಹೊಳೆಯುವುದಿಲ್ಲ. ಕಳೆದ ಟೂರ್ನಿಯ ಕೊನೆಯ ಸುತ್ತಿನಲ್ಲಿ ಗೆದ್ದರೆ ಬಹುಮಾನ ಸಿಗುತ್ತಿತ್ತು. ಅಲ್ಲೂ ಹೀಗೇ ಆಗಿ 31ನೇ ನಡೆಗೆ ಸೋತೆ. ಆಟ ಬರೆದು ಕಳಿಸಿದ್ದೇನೆ. ಪಕ್ಕದಿಂದ ಶುರು ಮಾಡೋದೆಲ್ಲ ಡ್ರಾ ಸಾಕು ಅನ್ನೋರಿಗೆ, ಗೆಲ್ಲಬೇಕಿದ್ದರೆ ಇ4 ಆಡು ಅಂತಾರೆ ನಮ್ಮ ಕೋಚ್. ಸಿ4 ಬಿಟ್ಟುಬಿಡಲಾ? ಇನ್ನೊಂದು ಸಣ್ಣ ಪ್ರಶ್ನೆ: 1.ಸಿ4 ಇ5 2.ಕುದುರೆ ಸಿ3 ಆದಮೇಲೆ ಕಪ್ಪು ಬಿಷಪ್ ಬಿ4ಕ್ಕೆ ಬಂದರೆ ಏನು ಮಾಡಬೇಕು?

ಉತ್ತರ: ಬಿಡಬೇಡಿ. ನಿಮ್ಮ ಆಟವನ್ನು ಬೋರ್ಡ್ ಮೇಲೆ ಎರಡು ಸಲ ಆಡಿ ನೋಡಿದೆ. ಸೋತಿದ್ದು ಸಿ4ನಿಂದ ಅಲ್ಲ. ಎಂಟನೇ ನಡೆಗೆ ಡಿ3 ಆಡಿದಿರಲ್ಲ, ಆಮೇಲೆ ಆ ಪಾನನ್ನು ನೀವು ಪೂರ್ತಿ ಮರೆತಿರಿ. ಸೋಲು ಶುರುವಾಗಿದ್ದು ಅಲ್ಲಿಂದ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಸಿ4, ಕುದುರೆ ಎಫ್3, ಜಿ3, ಬಿ3, ಇವೆಲ್ಲ ಫ್ಲ್ಯಾಂಕ್ ಓಪನಿಂಗ್. ಇ ಅಥವಾ ಡಿ ಪಾನನ್ನು ಮೊದಲೇ ಎರಡು ಮನೆ ತಳ್ಳುವ ಬದಲು ಬೋರ್ಡಿನ ಪಕ್ಕದಿಂದ ಶುರು ಮಾಡುವುದು. ಇದನ್ನು ಆಡುವ ಬಹಳ ಜನ ಸೆಂಟರ್ (ಬೋರ್ಡಿನ ನಡುವಿನ ನಾಲ್ಕು ಮನೆ) ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂದುಕೊಳ್ಳುತ್ತಾರೆ. ಇರುವುದು ಇದಕ್ಕೆ ಉಲ್ಟಾ. ಇ4 ಆಡಿದವನು ಸೆಂಟರ್ ಜಗಳವನ್ನು ಮೊದಲ ನಡೆಯಲ್ಲೇ ಶುರು ಮಾಡುತ್ತಾನೆ. ನೀವು ಅದನ್ನು ಮುಂದಕ್ಕೆ ಹಾಕುತ್ತೀರಿ, ಅಷ್ಟೇ. ಮುಂದಕ್ಕೆ ಹಾಕಿದ್ದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಅನ್ನುವುದೇ ಈ ಓಪನಿಂಗ್‌ನ ಪೂರ್ತಿ ವಿದ್ಯೆ.

ಈಗ ನಿಮ್ಮ ಆಟ. 1.ಸಿ4 ಇ5 2.ಜಿ3 ಕುದುರೆ ಎಫ್6 3.ಬಿಷಪ್ ಜಿ2 ಡಿ5. ನಾಲ್ಕನೇ ನಡೆಗೆ ಡಿ5 ಪಾನ್ ಹೊಡೆದಿರಿ, ಕುದುರೆ ತಿರುಗಿ ಹೊಡೆಯಿತು. 5.ಕುದುರೆ ಸಿ3 ಕುದುರೆ ಬಿ6 6.ಕುದುರೆ ಎಫ್3 ಕುದುರೆ ಸಿ6. ಏಳನೇ ನಡೆಗೆ ನಿಮ್ಮ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರ ಮಾಡುವುದು), ಅವರ ಬಿಷಪ್ ಇ7ಕ್ಕೆ. 8.ಡಿ3, ಅವರ ಕ್ಯಾಸ್ಲಿಂಗ್. ಇಲ್ಲಿಯವರೆಗೆ ಎಲ್ಲವೂ ಪುಸ್ತಕದ ನಡೆಗಳು. ಬೋರ್ಡನ್ನು ತಿರುಗಿಸಿ ನೋಡಿ: ಇದು ಸಿಸಿಲಿಯನ್ ಡ್ರ್ಯಾಗನ್, ದಾಳಿಗೆ ಹೆಸರಾದ ಓಪನಿಂಗ್. ಕಪ್ಪು ಆಡುವ ಡ್ರ್ಯಾಗನ್ ಅನ್ನು ನೀವು ಬಿಳಿ ಕಾಯಿಗಳಲ್ಲಿ ಆಡುತ್ತಿದ್ದೀರಿ, ಅದೂ ಒಂದು ನಡೆ ಮುಂದಿದ್ದುಕೊಂಡು. ಡ್ರ್ಯಾಗನ್ ಆಡುವವರು ಯಾರಾದರೂ ಡ್ರಾ ಸಾಕು ಅಂತ ಕೂರುತ್ತಾರಾ? ಕೋಚ್ ಜೊತೆ ಮುಂದಿನ ಸಲ ಮಾತಾಡುವಾಗ ಇದನ್ನು ಕೇಳಿ ನೋಡಿ.

ಒಂಬತ್ತನೇ ನಡೆಗೆ ನೀವು ಎಚ್3 ಆಡಿದಿರಿ. ಬಿಷಪ್ ಇ6ಕ್ಕೆ ಬಂತು. 10.ರಾಜ ಎಚ್2. ಏನಕ್ಕೆ? ಯಾರೂ ಹೆದರಿಸಿರಲಿಲ್ಲವಲ್ಲ. ಆಡಲು ಬೇರೇನೂ ಕಾಣದಿದ್ದಾಗ ರಾಜನನ್ನು ಸುಮ್ನೆ ಒಂದು ಮನೆ ಸರಿಸಿದಿರಿ ಅಂತ ನನ್ನ ಊಹೆ. ನಿಮ್ಮ ರೇಟಿಂಗ್‌ನಲ್ಲಿ ಈ ರಾಜ ಎಚ್2 ನಡೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಮೇಲೆ ಕಪ್ಪು ಎಫ್5, 11.ಬಿಷಪ್ ಡಿ2 ರಾಣಿ ಡಿ7, 12.ಆನೆ ಸಿ1 ಎಫ್4. ಎಫ್ ಪಾನ್ ಮುಂದೆ ಹೋದ ತಕ್ಷಣ ಡಿ7ರಿಂದ ಎಚ್3ರವರೆಗಿನ ಓರೆ ಸಾಲು ತೆರೆದುಕೊಂಡಿತು. ರಾಣಿ, ಬಿಷಪ್ ಎರಡೂ ನಿಮ್ಮ ಎಚ್3 ಪಾನನ್ನು ನೋಡುತ್ತಿವೆ. ಆ ಗುರಿಯನ್ನು ಅವರಿಗೆ ಇಟ್ಟುಕೊಟ್ಟವರು ನೀವೇ. ಒಂದು ತಮಾಷೆ ನೋಡಿ. ಎಫ್4 ತಳ್ಳಿದಾಗ ಅವರು ಇ4 ಮನೆಯ ಮೇಲಿನ ಹಿಡಿತ ಬಿಟ್ಟುಕೊಟ್ಟರು. ನಿಮ್ಮ ಸಿ3 ಕುದುರೆ ಹೋಗಿ ಅಲ್ಲಿ ಕೂತಿದ್ದರೆ ಆಟ ಇನ್ನೂ ನಡೆಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಿಮ್ಮ ಕಣ್ಣು ರಾಜನ ಸುತ್ತಲೇ ಇತ್ತು ಅನಿಸುತ್ತದೆ.

ಒಂಬತ್ತನೇ ನಡೆಗೆ ಆಡಬೇಕಿದ್ದದ್ದು ಎ3, ನಂತರ ಬಿ4. ಯಾಕೆ ಅಂದರೆ ಬಿ4 ಆದ ಮೇಲೆ ಬಿ5 ಅನ್ನುವ ಬೆದರಿಕೆ ಹುಟ್ಟುತ್ತದೆ. ಸಿ6ರಲ್ಲಿರುವ ಕುದುರೆ ಇ5 ಪಾನಿಗೆ ಕಾವಲು. ಅದು ಓಡಿದರೆ ಎಫ್3ರ ನಿಮ್ಮ ಕುದುರೆ ಇ5 ಪಾನನ್ನು ಹೊಡೆಯಲು ಕಾಯುತ್ತಿದೆ. ಹಾಗಾಗಿ ಕಪ್ಪು ಬಹಳ ಸಲ ಎಫ್6 ಆಡಿ ಇ5ಕ್ಕೆ ಆಸರೆ ಕೊಡಬೇಕಾಗುತ್ತದೆ. ಎಫ್6 ಆಡಿದವನು ಎಫ್5, ಎಫ್4 ಅಂತ ನಿಮ್ಮ ರಾಜನ ಮೇಲೆ ನುಗ್ಗುವುದು ಕಷ್ಟ. ರಾಣಿ ಕಡೆಯ ಎರಡು ಸಣ್ಣ ಪಾನ್ ನಡೆಗಳು ರಾಜನ ಕಡೆಯ ದಾಳಿಯನ್ನು ನಿಲ್ಲಿಸಿಬಿಡುತ್ತವೆ. ಆಮೇಲೆ ಆನೆ ಸಿ1ಕ್ಕೆ, ಕುದುರೆ ಇ4ಕ್ಕೆ, ಅಲ್ಲಿಂದ ಸಿ5ಕ್ಕೆ. ಸಮಯ ಕೂಡಿ ಬಂದರೆ ಡಿ4. ನೋಡಿ, ಕೆಲಸ ಎಷ್ಟೊಂದಿದೆ!

ಇನ್ನು ಗೆಲ್ಲಲೇಬೇಕಾದ ಆಟದ ವಿಷಯ. ಇದಕ್ಕೆ 1987ರ ಡಿಸೆಂಬರ್‌ನಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿ ನಡೆದ ಆಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವಿಶ್ವ ಚಾಂಪಿಯನ್‌ಷಿಪ್, 24 ಆಟಗಳ ಪಂದ್ಯ. 23ನೇ ಆಟದಲ್ಲಿ ಆಗಿನ ಚಾಂಪಿಯನ್ ಕ್ಯಾಸ್ಪರೋವ್ ಎಡವಿ ಸೋತರು. ಎದುರಾಳಿ ಕಾರ್ಪೊವ್ 12–11ರಿಂದ ಮುಂದೆ. ಕೊನೆಯ ಆಟ ಡ್ರಾ ಆದರೂ ಕ್ಯಾಸ್ಪರೋವ್ ಪಟ್ಟ ಕಳೆದುಕೊಳ್ಳುತ್ತಿದ್ದರು. ಗೆದ್ದರೆ 12–12, ಪಟ್ಟ ಅವರಲ್ಲೇ ಉಳಿಯುತ್ತಿತ್ತು. ಎದುರಿಗೆ ಕೂತವರು ಸೋಲಿಸಲು ಅತಿ ಕಷ್ಟದ ಆಟಗಾರ. ದಾಳಿಗೆ ಹೆಸರಾದ ಕ್ಯಾಸ್ಪರೋವ್ ಅವತ್ತು ಆಡಿದ ಮೊದಲ ನಡೆ ಸಿ4. ಮುಂದೆ ಕುದುರೆ ಎಫ್3, ಜಿ3, ಬಿ3, ಎರಡೂ ಬಿಷಪ್‌ಗಳು ಪಕ್ಕದ ಮನೆಗಳಲ್ಲಿ, ಕ್ಯಾಸ್ಲಿಂಗ್, ಇ3. ಏಳೆಂಟು ನಡೆ ಆದರೂ ಒಂದು ಪಾನ್ ಕೂಡ ಬೋರ್ಡಿನಿಂದ ಹೋಗಿರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಡ್ರಾ ಸಾಕು ಅನ್ನುವವನಿಗೆ ಬೇಕಾಗಿರುವುದು ಕಾಯಿಗಳ ವಿನಿಮಯ. ನೀವು ಸೆಂಟರ್ ತೆರೆದು ಜಗಳಕ್ಕೆ ನಿಂತರೆ ಅವನು ಒಂದೊಂದೇ ಕಾಯಿ ಬದಲಿಸಿಕೊಂಡು ಬೋರ್ಡ್ ಖಾಲಿ ಮಾಡುತ್ತಾನೆ. ಮೊದಲೇ ಕಲಿತಿಟ್ಟ ಇಪ್ಪತ್ತು ನಡೆಗಳಿದ್ದರಂತೂ ಇನ್ನೂ ಸುಲಭ. ಪಕ್ಕದಿಂದ ಶುರು ಮಾಡಿದರೆ ಕಾಯಿಗಳು ಬೋರ್ಡ್ ಮೇಲೇ ಉಳಿಯುತ್ತವೆ. ಅವನೂ ಪ್ರತಿ ನಡೆಗೆ ಯೋಚಿಸಬೇಕು, ಗಡಿಯಾರ ಓಡುತ್ತಿರುತ್ತದೆ. ಪಟ್ಟ ಇನ್ನೇನು ಕೈಗೆ ಸಿಕ್ಕಿತು ಅಂದುಕೊಂಡು ಕೂತವನಿಗೆ ಐದು ಗಂಟೆ ಯೋಚಿಸುವುದು ಹಿಂಸೆ.

ಆದರೆ ಕ್ಯಾಸ್ಪರೋವ್ ಕಾಯುತ್ತಲೇ ಕೂರಲಿಲ್ಲ. 11ನೇ ನಡೆಗೆ ಡಿ3 ಆಡಿದ್ದರು, ನಿಮ್ಮ ಹಾಗೆಯೇ. 14ನೇ ನಡೆಗೆ ಡಿ5ರಲ್ಲಿ ಪಾನ್ ಹೊಡೆದರು, 15ನೇ ನಡೆಗೆ ಅದೇ ಡಿ ಪಾನನ್ನು ಡಿ4ಕ್ಕೆ ತಳ್ಳಿದರು. ಒಂದು ಪಾನ್ ಎರಡು ನಡೆಗಳಲ್ಲಿ ಡಿ4 ತಲುಪಿತು. ಒಂದು ನಡೆ ದಂಡ ಅಲ್ವಾ ಅಂತ ಅನಿಸಬಹುದು. ಆದರೆ ಮೊದಲ ನಡೆಗೇ ಡಿ4 ಆಡಿದ್ದರೆ ಕಾರ್ಪೊವ್ ಕಾಯಿಗಳನ್ನು ಬೇರೆ ಕಡೆ ಇಡುತ್ತಿದ್ದರು. 15ನೇ ನಡೆಗೆ ಅವರ ಕಾಯಿಗಳು ತಮ್ಮ ಜಾಗ ಹಿಡಿದಾಗಿತ್ತು. ಅದನ್ನು ನೋಡಿಕೊಂಡು ಆಡಿದ ಡಿ4 ಅದು.

ಮುಂದೆ 31ನೇ ನಡೆಗೆ ಕ್ಯಾಸ್ಪರೋವ್ ಅವರ ಕುದುರೆ ಇ5ಕ್ಕೆ ಬಂದು ಕೂತಿತು. ಗಡಿಯಾರದ ಒತ್ತಡದಲ್ಲಿದ್ದ ಕಾರ್ಪೊವ್ ಎ4ರಲ್ಲಿದ್ದ ಪಾನನ್ನು ಕುದುರೆಯಿಂದ ಹೊಡೆದರು. ಆನೆಗಳು ಬದಲಾದವು. 33.ರಾಣಿ ಡಿ1. ಇಲ್ಲೊಂದು ಚೆಂದದ ತಿರುವಿದೆ, ಬೋರ್ಡ್ ಹಾಕಿಕೊಂಡು ನೋಡಿ. ಕಾರ್ಪೊವ್ ಸಿ8ರ ಕುದುರೆಯನ್ನು ಇ7ಕ್ಕೆ ತಂದರು. 34.ರಾಣಿ ಡಿ8 ಚೆಕ್, ಮುಂದಿನ ನಡೆಗೆ ಕುದುರೆ ಎಫ್7 ಪಾನನ್ನು ಹೊಡೆಯಿತು. ಅಲ್ಲಿಂದ ಮುಂದೆ ಅವರಿಗೆ ನೆಮ್ಮದಿ ಇರಲಿಲ್ಲ. ಅದರ ಬದಲು ಎ4ರ ಕುದುರೆಯನ್ನು ಸಿ5ಕ್ಕೆ ತಂದಿದ್ದರೆ? ರಾಣಿ ಡಿ8 ಚೆಕ್ ಕೊಟ್ಟು ಸಿ8ರ ಕುದುರೆಯನ್ನು ಹೊಡೆಯುತ್ತದೆ, ನಿಜ. ಆದರೆ ಎ ಸಾಲು ಖಾಲಿಯಾಗಿರುತ್ತದೆ. ಕಪ್ಪು ರಾಣಿ ಎ7ರಿಂದ ನೇರ ಎ1ಕ್ಕೆ ಇಳಿದು ಚೆಕ್ ಕೊಟ್ಟು, ಓರೆ ಸಾಲಿನಲ್ಲಿ ಹೋಗಿ ಇ5 ಕುದುರೆಯನ್ನು ಹೊಡೆದುಬಿಡುತ್ತಿತ್ತು. ಆಟ ಸಮ. ಅಷ್ಟೇ ಅಂತರ. ಆಟ ಮರುದಿನಕ್ಕೆ ನಿಂತಾಗ ಕ್ಯಾಸ್ಪರೋವ್ ಒಂದು ಪಾನ್ ಮುಂದಿದ್ದರು. ಒಂದೇ ಪಕ್ಕದಲ್ಲಿ ನಾಲ್ಕು ಪಾನ್‌ಗೆ ಮೂರು ಪಾನ್. ಬಹಳ ಜನರಿಗೆ ಅದು ಡ್ರಾ ಅನಿಸುವಂಥ ಸ್ಥಿತಿ. ಅದನ್ನೂ ಎಳೆದೆಳೆದು 64ನೇ ನಡೆಗೆ ಗೆದ್ದರು.

ಇದೇ ಡಿ3–ಡಿ4 ಕಥೆ ಇನ್ನೂ ಹಳೆಯದು. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ರಿಚರ್ಡ್ ರೆಟಿ ಅವರು ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಸೋಲಿಸಿದರು. ಕಾಪಾಬ್ಲಾಂಕಾ 1916ರಿಂದ ಒಂದೂ ಆಟ ಸೋತಿರಲಿಲ್ಲ. ಆವತ್ತೂ ಮೊದಲ ನಡೆ ಕುದುರೆ ಎಫ್3, ಮುಂದೆ ಸಿ4, ಬಿ4. ಎಂಟನೇ ನಡೆ ಡಿ3, ಹದಿನಾರನೇ ನಡೆ ಡಿ4. 31 ನಡೆಗಳಲ್ಲಿ ಆಟ ಮುಗಿಯಿತು. ಈ ಎರಡು ಆಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ನಾನು ಹೇಳುತ್ತಿರುವುದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಉಲ್ಟಾ ಉದಾಹರಣೆಯೂ ಬೇಕು. ಇಲ್ಲದಿದ್ದರೆ ಪಕ್ಕದಿಂದ ಶುರು ಮಾಡಿದವರೆಲ್ಲ ಗೆಲ್ಲುತ್ತಾರೆ ಅಂತ ನೀವು ತಿಳಿದುಕೊಂಡೀರಿ. 1970, ಬೆಲ್‌ಗ್ರೇಡ್. ಸೋವಿಯತ್ ಒಕ್ಕೂಟ ಒಂದು ಕಡೆ, ಉಳಿದ ಪ್ರಪಂಚದ ತಂಡ ಇನ್ನೊಂದು ಕಡೆ. ಪ್ರಪಂಚದ ತಂಡದ ಮೊದಲ ಬೋರ್ಡ್‌ನಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸೆನ್. ಫಿಶರ್ ಅಂಥವರೇ ಎರಡನೇ ಬೋರ್ಡ್‌ಗೆ ಒಪ್ಪಿಕೊಂಡಿದ್ದರು. ಲಾರ್ಸೆನ್ ಎದುರು ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ. ಎರಡನೇ ಆಟದಲ್ಲಿ ಲಾರ್ಸೆನ್ ತಮ್ಮ ಇಷ್ಟದ 1.ಬಿ3 ಆಡಿದರು.

1.ಬಿ3 ಇ5 2.ಬಿಷಪ್ ಬಿ2 ಕುದುರೆ ಸಿ6 3.ಸಿ4 ಕುದುರೆ ಎಫ್6 4.ಕುದುರೆ ಎಫ್3 ಇ4. ಪಾನ್ ಬಂದು ಕುದುರೆಯನ್ನು ತಳ್ಳಿತು. 5.ಕುದುರೆ ಡಿ4 ಬಿಷಪ್ ಸಿ5. ಆರನೇ ನಡೆಗೆ ಲಾರ್ಸೆನ್ ಸಿ6 ಕುದುರೆಯನ್ನು ಹೊಡೆದರು, ಸ್ಪಾಸ್ಕಿ ಡಿ ಪಾನಿನಿಂದ ತಿರುಗಿ ಹೊಡೆದರು. ಪುಸ್ತಕದಲ್ಲಿ ಸೆಂಟರ್ ಕಡೆಗೇ ಹೊಡೆಯಿರಿ ಅಂತ ಇರುತ್ತದೆ. ಇಲ್ಲಿ ಅದಕ್ಕೆ ವಿರುದ್ಧ. ಆದರೆ ಡಿ ಪಾನ್ ಸರಿದಿದ್ದರಿಂದ ಸಿ8ರ ಬಿಷಪ್‌ಗೆ ದಾರಿ ಆಯಿತು, ಡಿ ಸಾಲೂ ತೆರೆಯಿತು. ಲೆಕ್ಕ ಹಾಕಿ: ಲಾರ್ಸೆನ್ ಅವರ ಕುದುರೆ ಮೂರು ನಡೆ ಆಡಿ ಬೋರ್ಡಿನಿಂದಲೇ ಹೋಯಿತು. ಅವರ ಇನ್ನೊಂದು ಕುದುರೆ ಬಿ1ರಿಂದ ಕೊನೆಯವರೆಗೂ ಏಳಲೇ ಇಲ್ಲ.

7.ಇ3 ಬಿಷಪ್ ಎಫ್5 8.ರಾಣಿ ಸಿ2 ರಾಣಿ ಇ7 9.ಬಿಷಪ್ ಇ2, ಸ್ಪಾಸ್ಕಿ ರಾಣಿ ಕಡೆ ಕ್ಯಾಸ್ಲಿಂಗ್. ಆಗ ಲಾರ್ಸೆನ್ 10.ಎಫ್4 ಆಡಿದರು. ಕುದುರೆಯನ್ನು ಸಿ3ಕ್ಕೆ ತಂದಿದ್ದರೆ ಚೆನ್ನಿತ್ತು. ಸ್ಪಾಸ್ಕಿ ಕುದುರೆ ಜಿ4, 11.ಜಿ3 ಎಚ್5, 12.ಎಚ್3 ಎಚ್4! ಕುದುರೆ ಹೋದರೆ ಹೋಗಲಿ ಅಂತ ಬಿಟ್ಟರು. ಲಾರ್ಸೆನ್ ಕುದುರೆ ಹೊಡೆದರು, ಸ್ಪಾಸ್ಕಿ ಪಾನಿನಿಂದ ಜಿ3 ಹೊಡೆದರು. 14.ಆನೆ ಜಿ1. ಈಗ ಬಂದ ನಡೆ ನೋಡಿ: ಆನೆ ಎಚ್1! ಇಡೀ ಆನೆಯನ್ನೇ ಕೊಟ್ಟುಬಿಟ್ಟರು. ಬಿಳಿ ಆನೆ ಅದನ್ನು ಹೊಡೆಯಲು ಜಿ ಸಾಲು ಬಿಟ್ಟಿತು, ಪಾನ್ ಜಿ2ಕ್ಕೆ ಇಳಿಯಿತು. 16.ಆನೆ ಎಫ್1, ರಾಣಿ ಎಚ್4 ಚೆಕ್. 17.ರಾಜ ಡಿ1, ಪಾನ್ ಎಫ್1 ಆನೆಯನ್ನು ಹೊಡೆದು ರಾಣಿಯಾಯಿತು. ಲಾರ್ಸೆನ್ ಕೈಚೆಲ್ಲಿದರು. ಒಟ್ಟು 17 ನಡೆ.

ತಪ್ಪು ಬಿ3ಯದ್ದಾ? ಅಲ್ಲ. ಸ್ಪಾಸ್ಕಿ ಇ4 ತಳ್ಳಿದ ಕ್ಷಣದಲ್ಲೇ ಸೆಂಟರ್ ಪ್ರಶ್ನೆ ಬಂದುಬಿಟ್ಟಿತ್ತು. ಅದನ್ನು ಮುಂದಕ್ಕೆ ಹಾಕುವ ಕಾಲ ಅಲ್ಲಿಗೆ ಮುಗಿದಿತ್ತು. ಲಾರ್ಸೆನ್ ಇನ್ನೂ ಸಮಯ ಇದೆ ಅನ್ನುವ ಹಾಗೆ ಆಡಿದರು. ಆದರೆ ಮನುಷ್ಯ ಗಟ್ಟಿ. ಮುಂದಿನ ಆಟದಲ್ಲೇ ಸ್ಪಾಸ್ಕಿಯನ್ನು ಸೋಲಿಸಿದರು.

ನಾನೂ ಇಂಥದ್ದೇ ಮಾಡಿಕೊಂಡಿದ್ದೇನೆ, ಇದಕ್ಕಿಂತ ಅವಮಾನದ್ದು. ಒಂದು ಕಾಲದಲ್ಲಿ ಎದುರಾಳಿ ಏನಾದರೂ ಆಡಲಿ, ನಾನು ಜಿ3, ಕುದುರೆ ಎಫ್3, ಬಿಷಪ್ ಜಿ2, ಕ್ಯಾಸ್ಲಿಂಗ್ ಅಂತ ಕಣ್ಣುಮುಚ್ಚಿ ಆಡುತ್ತಿದ್ದೆ. ಒಂದು ಟೂರ್ನಿಯಲ್ಲಿ 1.ಜಿ3 ಇ5 2.ಕುದುರೆ ಎಫ್3 ಅಂತ ಇಟ್ಟು ಗಡಿಯಾರ ಒತ್ತಿದೆ. ಎದುರಿಗಿದ್ದ ಹುಡುಗ ಇ4 ಅಂದ. 3.ಕುದುರೆ ಡಿ4 ಸಿ5 4.ಕುದುರೆ ಬಿ3 ಸಿ4 5.ಕುದುರೆ ಡಿ4. ಐದು ನಡೆಯಲ್ಲಿ ನಾಲ್ಕು ನಡೆ ಒಂದೇ ಕುದುರೆಯದ್ದು! ಪುಸ್ತಕ ಕೇಳಿದರೆ ಆ ಸ್ಥಿತಿ ಸೋಲೇನಲ್ಲ. ಆದರೆ ನನ್ನ ಕಿವಿ ಕೆಂಪಾಗಿತ್ತು. ಮುಖ ಮುಚ್ಚಿಕೊಳ್ಳುವ ಆತುರದಲ್ಲಿ ಮುಂದಿನ ಹತ್ತು ನಡೆ ಹಾಳು ಮಾಡಿಕೊಂಡೆ.

ಹೊಸ ಆಟಗಳು ಬೇಕು ಅಂದರೆ 2024ರ ನವೆಂಬರ್–ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ನಡೆದ ಗುಕೇಶ್–ಡಿಂಗ್ ಲಿರೆನ್ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ತೆಗೆದುಕೊಳ್ಳಿ. ಅಲ್ಲಿ ಗೆಲುವು ಸೋಲಾದ ಕೊನೆಯ ಮೂರು ಆಟಗಳೂ ಪಕ್ಕದಿಂದಲೇ ಶುರುವಾದವು. 11ನೇ ಆಟ: ಗುಕೇಶ್ ಕುದುರೆ ಎಫ್3, ಡಿಂಗ್ ಡಿ5, 2.ಸಿ4 ಡಿ4 3.ಬಿ4. ಕಪ್ಪು ಪಾನ್ ಡಿ4ರವರೆಗೆ ಬಂದಿದೆ, ಅದರ ಎರಡೂ ಪಕ್ಕ ಕೆದಕುವುದು ಉದ್ದೇಶ. ನಾಲ್ಕನೇ ನಡೆಗೇ ಇ3 ಬಂತು. ಇಬ್ಬರೂ ಓಪನಿಂಗ್‌ನಲ್ಲೇ ಸಮಯ ಸುರಿದರು. 28ನೇ ನಡೆಗೆ ಡಿಂಗ್ ರಾಣಿಯನ್ನು ಸಿ8ಕ್ಕೆ ತಂದರು, ಗುಕೇಶ್ ರಾಣಿಯಿಂದ ಸಿ6 ಕುದುರೆಯನ್ನೇ ಹೊಡೆದರು, ಆಟ ಅಲ್ಲೇ ಮುಗಿಯಿತು. ಬಿ7 ಪಾನ್ ಆ ರಾಣಿಯನ್ನು ಹೊಡೆದರೆ ಬಿ ಸಾಲು ತೆರೆದು ಬಿ8ರ ಆನೆ ಹೋಗುತ್ತದೆ, ಹಿಂದೆಯೇ ಕಪ್ಪು ರಾಣಿಯೂ. ಮರುದಿನ ಹಿಂದೆ ಬಿದ್ದಿದ್ದ ಡಿಂಗ್ 1.ಸಿ4 ಆಡಿ 39 ನಡೆಗಳಲ್ಲಿ ಗೆದ್ದು 6–6 ಮಾಡಿದರು. ಗೆಲುವು ಬೇಕಾದಾಗ ಸಿ4, ನೋಡಿದಿರಾ? 14ನೇ ಆಟದಲ್ಲಿ ಅದೇ ಡಿಂಗ್ ಕುದುರೆ ಎಫ್3, ಜಿ3 ಅಂತ ಶುರು ಮಾಡಿ ಕಾಯಿಗಳನ್ನು ಬದಲಿಸಿಕೊಳ್ಳುತ್ತಾ ಡ್ರಾ ಕಡೆ ನಡೆದರು. ಕೊನೆಗೆ 55ನೇ ನಡೆಗೆ ಆನೆಯನ್ನು ಎಫ್2ಕ್ಕೆ ಇಟ್ಟು ಪಟ್ಟವನ್ನೇ ಕಳೆದುಕೊಂಡರು. ಒಂದೇ ಥರದ ಓಪನಿಂಗ್, ಬೇರೆ ಬೇರೆ ಮನಸ್ಸು. ನಿಮ್ಮ ಕೋಚ್ ಹೇಳಿದ್ದು ಈ 14ನೇ ಆಟಕ್ಕೆ ಹೊಂದುತ್ತದೆ, 12ನೇ ಆಟಕ್ಕೆ ಹೊಂದುವುದಿಲ್ಲ.

ಅಂದಹಾಗೆ ಕೋಚ್ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ವಾರದ ದಿನಗಳಲ್ಲಿ ಆಡುವ ಚಿಕ್ಕ ಆಟಗಳಲ್ಲಿ ಇ4 ಆಡಿ. ತೆರೆದ ಸೆಂಟರ್‌ನಲ್ಲಿ ಕಾಯಿಗಳು ಹೇಗೆ ಓಡುತ್ತವೆ ಅಂತ ಕೈಗೆ ಬರುತ್ತದೆ. ನೀವು ಡಿ4 ತಳ್ಳಲು ಹಿಂಜರಿಯುವುದಕ್ಕೆ ಕಾರಣ ಅದು ತೆರೆದ ಮೇಲೆ ಏನಾಗುತ್ತದೋ ಅನ್ನುವ ಅಂಜಿಕೆ ಇರಬಹುದು. ಟೂರ್ನಿಯಲ್ಲಿ ಮಾತ್ರ ಸಿ4 ಇರಲಿ.

ಅಭ್ಯಾಸಕ್ಕೆ ಹೊಸ ಪುಸ್ತಕ ಬೇಕಿಲ್ಲ. ನೀವು ಸಿ4 ಆಡಿ ಸೋತ ಐದು ಆಟ ತೆಗೆಯಿರಿ. ಪ್ರತಿ ಆಟದಲ್ಲಿ ನಿಮ್ಮ ಡಿ ಅಥವಾ ಇ ಪಾನ್ ನಾಲ್ಕನೇ ಸಾಲಿಗೆ ಯಾವ ನಡೆಯಲ್ಲಿ ಹೋಯಿತು ಅಂತ ಗುರುತು ಹಾಕಿ. ಹೋಗಲೇ ಇಲ್ಲ ಅಂದರೆ ಅದನ್ನೂ ಬರೆಯಿರಿ. ಆಮೇಲೆ ಎಂಟನೇ ನಡೆಯಿಂದ ಒಂದೊಂದೇ ನಡೆ ನಿಲ್ಲಿಸಿ, ಈಗ ಡಿ4 ಆಡಿದರೆ ಏನಾಗುತ್ತದೆ, ಈಗ ಬಿ4 ಆಡಿದರೆ ಏನು ಅಂತ ಬೋರ್ಡ್ ಮೇಲೆ ಆಡಿ ನೋಡಿ. ಕಂಪ್ಯೂಟರ್ ಕೊನೆಗೆ ಹಚ್ಚಿ, ಮೊದಲೇ ಅಲ್ಲ. ಐದನೇ ಆಟ ಮುಗಿಯುವ ಹೊತ್ತಿಗೆ ಹತ್ತನೇ ನಡೆಗೆ ರಾಜನನ್ನು ಎಚ್2ಕ್ಕೆ ಸರಿಸುವ ಮನಸ್ಸು ನಿಮಗೇ ಬರುವುದಿಲ್ಲ.

ಎದುರಾಳಿ ಇ5 ಬಿಟ್ಟು ಬೇರೆ ಆಡಿದರೆ? ಡಿ5, ಇ6 ಅಂತ ಕಟ್ಟಿದರೆ ಬಿ3, ಬಿಷಪ್ ಬಿ2, ನಂತರ ಡಿ4. ಸೆವಿಲ್ಲೆ ಆಟ ಅದಕ್ಕೆ ಸಾಕು. ಕಪ್ಪು ಜಿ6, ಡಿ6 ಅಂತ ಕೂತರೆ ರಾಣಿ ಕಡೆ ಆನೆ ಬಿ1, ಬಿ4 ಅಂತ ಜಾಗ ಹಿಡಿಯಿರಿ. ಸಿ5 ಆಡಿ ನಿಮ್ಮನ್ನೇ ನಕಲು ಮಾಡಿದರೆ ಮೊದಲು ಡಿ4 ತಳ್ಳಿದವನಿಗೆ ಸ್ವಲ್ಪ ಲಾಭ ಜಾಸ್ತಿ.

ಕೊನೆಗೆ ನಿಮ್ಮ ಸಣ್ಣ ಪ್ರಶ್ನೆ. 1.ಸಿ4 ಇ5 2.ಕುದುರೆ ಸಿ3 ಬಿಷಪ್ ಬಿ4 ಬಂದರೆ 3.ಕುದುರೆ ಡಿ5 ಆಡಿ. ಒಂದೇ ಕುದುರೆಯನ್ನು ಎರಡು ಸಲ ಆಡಿದೆನಲ್ಲ ಅಂತ ಅಳುಕಬೇಡಿ. ಅದು ಬಿಷಪ್ ಮೇಲೆ ಬೀಳುತ್ತದೆ, ಅದೂ ಎರಡನೇ ಸಲ ಓಡಬೇಕು. ಎ5, ಸಿ5, ಇ7, ಡಿ6, ಹೀಗೆ ನಾಲ್ಕು ಮನೆಗೂ ಹೋಗುವವರಿದ್ದಾರೆ. ಇ7ಕ್ಕೆ ಹೋದರೆ ಆ ಬಿಷಪ್ ಅನ್ನು ಹೊಡೆಯುವ ಆತುರ ಬೇಡ. ನಿಮ್ಮ ಕುದುರೆ ಡಿ5ರಲ್ಲಿ ಚೆನ್ನಾಗಿ ಕೂತಿದೆ. ಡಿ4 ಆಡಿ.